ತೈಲದ ಮಿತವ್ಯಯವೂ ತಿಕೋಟಾದ ಹಾದಿಯೂ

ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾದಲ್ಲಿ ಯಾರಾದರೊಬ್ಬರು ಹೊಸ ಕಾರನ್ನು ಕೊಂಡು ತಂದು, ಗಾಲಿಗಳ ಕೆಳಗೆ ನಿಂಬೆಹಣ್ಣನ್ನಿರಿಸಿ, ಕಾಯಿ ಒಡೆದು, ಮನೆಯ ಮುಂದಣ ಬೇವಿನ ನೆರಳಿಗೆ ನಿಲ್ಲಿಸಿದರೆಂದರೆ, ನೋಡಬಂದ ನೆರೆಹೊರೆಯವರ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ ಅದರ ಬೆಲೆಯನ್ನಾಗಲಿ ಬಣ್ಣವನ್ನಾಗಲಿ ಕುರಿತದ್ದಾಗಿರುವುದಿಲ್ಲ, “ಅವರೇಜ್ ಎಷ್ಟ ಕೊಡ್ತದರಿ?” ಎಂಬುದೇ ಆ ಪ್ರಶ್ನೆ. ದಕ್ಷಿಣದ ಜಿಲ್ಲೆಗಳವರು ಮೈಲೇಜ್ ಎಂದು ಕರೆಯುವುದನ್ನು ನಾವು, ಸೊಲ್ಲಾಪುರ ಸಾಂಗಲಿಗಳ ನೆರೆಯವರಾದಕಾರಣ, ಅವರೇಜ್ ಎನ್ನುತ್ತೇವೆ. ಹೆಸರು ಯಾವುದಾದರೂ ಆಗಲಿ, ಒಂದು ಲೀಟರು ತೈಲದಿಂದ ಎಷ್ಟು ದೂರ ಸಾಗಬಹುದೆಂಬ ಈ ಜಿಜ್ಞಾಸೆಯು, ಮಳೆಯನ್ನು ನಂಬಿ ಬಾಳಿದ, ಕೊಡ ನೀರಿಗೂ ಲೆಕ್ಕವಿಟ್ಟ ಈ ಬಯಲುಸೀಮೆಯ ಜನಕ್ಕೆ ರಕ್ತಗತವಾಗಿ ಬಂದ ವಿವೇಕವೆಂದೇ ನಾನು ಭಾವಿಸಿದ್ದೇನೆ. ಆ ವಿವೇಕವನ್ನೇ ಬಂಡವಾಳ ಮಾಡಿಕೊಂಡು ಜನರನ್ನು ವಂಚಿಸುವವರು ಇರುವುದರಿಂದಲೂ, ಅದನ್ನು ಕೊನೆಯವರೆಗೆ ಕೊಂಡೊಯ್ದರೆ ದೊರೆಯಬಹುದಾದ ದೊಡ್ಡ ಲಾಭವನ್ನು ನಾವಿನ್ನೂ ಕೈಗೆತ್ತಿಕೊಳ್ಳದಿರುವುದರಿಂದಲೂ, ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ಅಂಗಡಿಸಾಲಿನಲ್ಲಿ ನಾನು ಒಂದು ಸಾಧನವನ್ನು ಕೊಂಡೆ. ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯೊಳಗೆ ಅಡಗಿಸಿದ ಎರಡು ಅಯಸ್ಕಾಂತಗಳು. ಅವನ್ನು ಪೆಟ್ರೋಲಿನ ಕೊಳವೆಗೆ ಬಿಗಿದರೆ ತೈಲದ ಕಣಗಳು ಶಿಸ್ತಾಗಿ ಸಾಲುಗಟ್ಟಿ, ಸಂಪೂರ್ಣವಾಗಿ ದಹಿಸಿ, ನೂರಕ್ಕೆ ಇಪ್ಪತ್ತರಷ್ಟು ಉಳಿತಾಯವಾಗುವುದೆಂದು ಮಾರುವವನು ವಿವರಿಸಿದ. ನಾನು ಅದನ್ನು ಬಿಗಿಸಿ, ಟಾಕಿಯನ್ನು ಕಂಠಪೂರ್ತಿ ತುಂಬಿಸಿದಾಗಲೆಲ್ಲ ಓಡಿದ ದೂರವನ್ನೂ ಹಾಕಿಸಿದ ಲೀಟರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತ ತಿಂಗಳುಗಳನ್ನು ಕಳೆದೆನಾದರೂ, ಮೊದಲಿನ ಲೆಕ್ಕಕ್ಕೂ ಆಮೇಲಿನ ಲೆಕ್ಕಕ್ಕೂ ಎಳ್ಳಷ್ಟು ಅಂತರ ಕಾಣಲಿಲ್ಲ. ಒಂದು ದಿನ ಊರಿನ ಪಂಕ್ಚರ್ ಅಂಗಡಿಯ ಮುಂದೆ ಬಾನೆಟ್ ತೆಗೆದು ಆ ಡಬ್ಬಿಯನ್ನು ಪರೀಕ್ಷಿಸುತ್ತಿದ್ದಾಗ, ಅಂಗಡಿಯವನು ಎದ್ದು ಬಂದು, ಬಾನೆಟ್ಟಿನ ಒಳಗೆ ಇಣುಕುವ ಬದಲು ಗಾಲಿಗಳನ್ನು ಬೆರಳಿನಿಂದ ಒತ್ತಿ ನೋಡಿ, “ಸಾಹೇಬ್ರ, ಗಾಲ್ಯಾಗ ಹವಾನ ಇಲ್ಲ, ಇಂಜಿನ್ನಿಗೆ ತಾಯತಾ ಕಟ್ಟಿದ್ರ ಗಾಡಿ ಓಡ್ತದೇನ್ರಿ?” ಎಂದ. ಗ್ರಂಥಗಳಲ್ಲಿ ಪುಟಗಟ್ಟಲೆ ವಿವರಿಸಿರುವುದನ್ನು ಆತ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದನೆಂಬುದು ನನಗೆ ಆಮೇಲೆ, ಎಂಜಿನ್ನಿನ ವಿಷಯವಾಗಿ ಓದತೊಡಗಿದಾಗ ಮನದಟ್ಟಾಯಿತು.

ಏಕೆಂದರೆ ಇಂತಹ ಸಾಧನಗಳೆಲ್ಲವೂ ಒಂದು ಮಿಥ್ಯೆಯ ಮೇಲೆ ನಿಂತಿವೆ: ಎಂಜಿನ್ನಿನಲ್ಲಿ ತೈಲದ ಬಹುಭಾಗವು ಉರಿಯದೆಯೇ ಹೊರಬೀಳುತ್ತದೆ ಎಂಬುದೇ ಆ ಮಿಥ್ಯೆ. ವಸ್ತುಸ್ಥಿತಿಯು ಬೇರೆಯೇ ಆಗಿದೆ. ಸುಸ್ಥಿತಿಯಲ್ಲಿರುವ ಇಂದಿನ ಪೆಟ್ರೋಲ್ ಎಂಜಿನ್ನಿನಲ್ಲಿ, ಒಳಹೊಕ್ಕ ತೈಲದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮೀರಿದ ಭಾಗವು ದಹನದಿಂದ ಬಿಡುಗಡೆಯಾಗಿಬಿಡುತ್ತದೆ. ಆದಕಾರಣ ದಹನವನ್ನು ಪರಿಪೂರ್ಣಗೊಳಿಸುವ ಯಾವ ಮಂತ್ರವೂ, ಅದು ನಿಜವಾಗಿಯೇ ಫಲಿಸಿದರೂ ಕೂಡ, ಉಳಿದ ಆ ಅಲ್ಪಾಂಶಕ್ಕಿಂತ ಹೆಚ್ಚಿನದನ್ನು ದೊರಕಿಸಿಕೊಡಲಾರದು. ನಷ್ಟವಾಗುವುದು ಉರಿದ ಮೇಲೆ. ಹುಟ್ಟಿದ ಉಷ್ಣದ ಬಹುಪಾಲು ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಆಕಾಶಕ್ಕೆ ಹೋಗಿ, ಎಂಜಿನ್ನಿನ ಒಳಗಿನ ಘರ್ಷಣೆಗೆ ಒಂದಿಷ್ಟು ವ್ಯಯವಾಗಿ, ಊರೊಳಗಿನ ಸಾಮಾನ್ಯ ಓಡಾಟದಲ್ಲಿ ಗಾಲಿಯವರೆಗೆ ಬಂದು ಮುಟ್ಟುವುದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಆ ಒಂದು ಪಾಲನ್ನಾದರೂ ಗಾಳಿಯ ತಡೆ, ನೆಲದ ತಡೆ, ಬ್ರೇಕಿನ ಒತ್ತು ಎಂಬ ಮೂವರು ಹಂಚಿಕೊಂಡು ತಿನ್ನುತ್ತಾರೆ. ಮಿತವ್ಯಯವನ್ನು ಬಯಸುವವನು ಗಮನಿಸಬೇಕಾದದ್ದು ಈ ಮೂವರನ್ನು.

ಲೋಕರೂಢಿಯಲ್ಲಿರುವ ಇತರ ಉಪಾಯಗಳನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗುತ್ತೇನೆ. ಪೆಟ್ರೋಲಿನಲ್ಲಿ ನುಸಿಗುಳಿಗೆಯನ್ನು ಕರಗಿಸುವುದು ಸೂಕ್ಷ್ಮವಾದ ತೈಲಮಾರ್ಗಗಳನ್ನು ಮಲಿನಗೊಳಿಸುವ ಕೆಲಸ. ಸೀಮೆಎಣ್ಣೆಯನ್ನು ಬೆರೆಸುವುದು ಎಂಜಿನ್ನನ್ನು ಬಡಿತಕ್ಕೆ (ನಾಕಿಂಗ್) ಗುರಿಮಾಡುವ ಅಪರಾಧ. ಬೆಳಗಿನ ತಂಪು ಹೊತ್ತಿನಲ್ಲಿ ಹಾಕಿಸಿದರೆ ಪೆಟ್ರೋಲು ಸಾಂದ್ರವಾಗಿದ್ದು ಹೆಚ್ಚು ದೊರೆಯುತ್ತದೆಂಬ ನಂಬಿಕೆಯಲ್ಲಿ ಸತ್ಯದ ಒಂದು ಎಳೆಯುಂಟು, ಏಕೆಂದರೆ ಒಂದು ಡಿಗ್ರಿ ಉಷ್ಣಕ್ಕೆ ಪೆಟ್ರೋಲು ಸಾವಿರಕ್ಕೆ ಒಂದು ಭಾಗದಷ್ಟು ಹಿಗ್ಗುತ್ತದೆ. ಆದರೆ ಪಂಪಿನ ತೊಟ್ಟಿಯು ನೆಲದೊಳಗೆ ಹುಗಿದದ್ದಾಗಿರುವುದರಿಂದ ನಮ್ಮ ವೈಶಾಖದ ಬಿಸಿಲು ಒಂದೇ ಹಗಲಿನಲ್ಲಿ ಅಲ್ಲಿಗೆ ಇಳಿಯಲಾರದು. ಗಾಲಿಗೆ ನೈಟ್ರೋಜನ್ ತುಂಬಿಸುವ ವಿಚಾರವೂ ಅಷ್ಟರದೇ; ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ.

ನೀರಿನಿಂದ ಓಡುವ ಕಾರಿನ ಕಥೆ ಇವೆಲ್ಲಕ್ಕಿಂತ ದೀರ್ಘಾಯುಷಿ. ಬ್ಯಾಟರಿಯ ವಿದ್ಯುತ್ತಿನಿಂದ ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದು, ಅವನ್ನು ಎಂಜಿನ್ನಿಗೆ ಊಡಿಸಿ ಪೆಟ್ರೋಲು ಉಳಿಸುತ್ತೇವೆನ್ನುವವರು, ಆ ವಿದ್ಯುತ್ತನ್ನು ಹುಟ್ಟಿಸುವುದು ಅದೇ ಎಂಜಿನ್ನು ತಿರುಗಿಸುವ ಆಲ್ಟರ್ನೇಟರ್ ಎಂಬುದನ್ನೂ, ನೀರನ್ನು ಒಡೆಯಲು ವ್ಯಯಿಸಿದ ಶಕ್ತಿಗಿಂತ ಒಂದು ಕಣವೂ ಹೆಚ್ಚಾಗಿ ಆ ಅನಿಲಗಳಿಂದ ಹಿಂತಿರುಗಿ ಬಾರದೆಂಬುದನ್ನೂ ಮರೆಯುತ್ತಾರೆ. ಬಾವಿಯಿಂದ ಸೇದಿದ ನೀರನ್ನು ಮರಳಿ ಬಾವಿಗೇ ಸುರಿದು ತೋಟ ನನೆಯಲಿ ಎಂದು ಕಾದಂತೆ ಆಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹಲವು ದಶಕಗಳಲ್ಲಿ ತೈಲ ಉಳಿಸುತ್ತೇವೆನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿ, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಉಳಿದವುಗಳಿಂದ ಪ್ರಯೋಜನವಿಲ್ಲವೆಂದು ತಿಳಿಸಿದೆ. ನಮ್ಮ ನೆರೆಯ ತಮಿಳುನಾಡಿನಲ್ಲಿ 1996ರಲ್ಲಿ ರಾಮರ್ ಪಿಳ್ಳೈ ಎಂಬವರು ಮೂಲಿಕೆಗಳಿಂದ ಪೆಟ್ರೋಲು ತಯಾರಿಸುವೆನೆಂದು ಸಾರಿದಾಗ ದೇಶಕ್ಕೆ ದೇಶವೇ ಪುಳಕಗೊಂಡಿತ್ತು. ಆ ಪ್ರಕರಣವು ಸಿಬಿಐ ತನಿಖೆಗೆ ಒಳಗಾಗಿ, ಮಾರಾಟವಾದದ್ದು ಪೆಟ್ರೋಲಿಯಂ ವಸ್ತುಗಳ ಮಿಶ್ರಣವೇ ಎಂಬ ಆರೋಪದ ಮೇಲೆ, 2016ರಲ್ಲಿ ಚೆನ್ನೈನ ನ್ಯಾಯಾಲಯವು ಅವರಿಗೆ ಮೂರು ವರ್ಷಗಳ ಶಿಕ್ಷೆಯನ್ನು ವಿಧಿಸುವಲ್ಲಿಗೆ ಮುಟ್ಟಿತು. ಇಪ್ಪತ್ತು ವರ್ಷಗಳ ಆ ವ್ಯರ್ಥ ಪ್ರತೀಕ್ಷೆಯನ್ನು ನೆನೆದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ವ್ಯಥೆಯಾಗುತ್ತದೆ, ಏಕೆಂದರೆ ಅಂತಹ ಆಶ್ವಾಸನೆಗಳನ್ನು ಮೊದಲು ನಂಬುವವರು ಬಡವರೇ.

ಹಾಗಾದರೆ ಅಸಾಂಪ್ರದಾಯಿಕವಾದ ವಿಚಾರಗಳಿಗೆ ಎಡೆಯೇ ಇಲ್ಲವೇ? ಉಂಟು, ಆದರೆ ಅವು ನಮ್ಮ ಚಕ್ಕಡಿಯ ಕಾಲದಷ್ಟು ಹಳೆಯವು. ಎತ್ತಿನ ಬಂಡಿಯನ್ನು ಹೂಡುವ ಒಕ್ಕಲಿಗನು ಎತ್ತಿನ ಮೇವಿಗೆ ಮದ್ದು ಬೆರೆಸಿ ಬಲ ಹೆಚ್ಚಿಸುವ ಯೋಚನೆಗಿಂತ ಮೊದಲು ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದನು, ಕಡಾಣಿಯನ್ನು ನೋಡುತ್ತಿದ್ದನು, ಹೇರು ಹಿಂದಕ್ಕೂ ಮುಂದಕ್ಕೂ ವಾಲದಂತೆ ತೂಗಿ ಕಟ್ಟುತ್ತಿದ್ದನು. ಎಳೆಯುವ ಬಲವನ್ನು ಹೆಚ್ಚಿಸುವುದಕ್ಕಿಂತ ತಡೆಯುವ ಬಲವನ್ನು ಕುಂದಿಸುವುದು ಅಗ್ಗವೆಂಬ ತತ್ತ್ವವು ಅವನ ಕೈಬೆರಳುಗಳಿಗೆ ತಿಳಿದಿತ್ತು. ಬೆಂಗಳೂರಿನ ಐಐಎಂ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು, ದೊಡ್ಡ ದೊಡ್ಡ ಉದ್ಯಮಗಳ ಆಡಳಿತವನ್ನು ಕಲಿಸುವ ಪೀಠದಲ್ಲಿದ್ದುಕೊಂಡೇ, ಎತ್ತಿನ ಗಾಡಿಯ ಸುಧಾರಣೆಯನ್ನು ತಮ್ಮ ಜೀವಿತದ ಕಾರ್ಯವನ್ನಾಗಿ ಕೈಗೊಂಡು, ಒರಟು ಅಚ್ಚಿಗೆ ಬದಲಾಗಿ ಬೇರಿಂಗು, ಎತ್ತಿನ ಹೆಗಲನ್ನು ಕೊರೆಯದ ನೊಗ, ಹಗುರವಾದ ಮೈಕಟ್ಟು, ಗಾಳಿ ತುಂಬಿದ ಗಾಲಿ ಎಂದು ವಾದಿಸುತ್ತ ಬಂದರು. ಅವರನ್ನು ಆಗ ವಿಚಿತ್ರ ಮನುಷ್ಯರೆಂದು ತಿಳಿದವರು ಅನೇಕರಿರಬಹುದು. ತಡೆಯನ್ನು ಕುಂದಿಸುವುದೆಂಬ ಆ ತತ್ತ್ವವೇ ಕಾರಿನ ಮಿತವ್ಯಯದ ಅಧ್ಯಾಯವೂ ಆಗಿದೆ.

ಹವಾದ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಲಾರೆ. ನಾಲ್ಕೂ ಗಾಲಿಗಳಲ್ಲಿ ಒಂದೊಂದು ಪಾಯಿಂಟ್ ಹವಾ ಇಳಿದರೆ ಕುಂದುವ ಅವರೇಜ್ ಸಾವಿರಕ್ಕೆ ಎರಡರಷ್ಟು. ಹತ್ತು ಪಾಯಿಂಟ್ ಇಳಿದರೆ ನೂರಕ್ಕೆ ಎರಡು. ಇದು ಸ್ವಲ್ಪವೆಂದು ತೋರಬಹುದಾದರೂ, ಇದಕ್ಕೆ ತಗಲುವ ವೆಚ್ಚವು ಚಹಾದ ಬೆಲೆಗಿಂತ ಕಡಿಮೆಯೆಂಬುದನ್ನೂ, ಮೆತ್ತಗಾದ ಗಾಲಿಯು ಬೇಸಿಗೆಯ ಕಾದ ಡಾಂಬರಿನ ಮೇಲೆ ಬಿಸಿಯೇರಿ ಸಿಡಿಯುವ ಅಪಾಯವು ಇದರಿಂದ ತಪ್ಪುವುದೆಂಬುದನ್ನೂ ಸೇರಿಸಿ ಎಣಿಸಬೇಕು. ಡಿಕ್ಕಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಅನಾವಶ್ಯಕ ಸಾಮಾನು ಐವತ್ತು ಕಿಲೋ ಇದ್ದರೆ ಅದರ ದಂಡ ನೂರಕ್ಕೆ ಸುಮಾರು ಒಂದು. ತಲೆಯ ಮೇಲೆ ಖಾಲಿ ಕ್ಯಾರಿಯರ್ ಹೊತ್ತು ತಿರುಗುವ ಕಾರು ಗಾಳಿಗೆ ತೆರುವ ತೆರಿಗೆಯು ಇದಕ್ಕಿಂತಲೂ ಅಧಿಕ.

ಗಾಳಿಯ ಮಾತು ಬಂತಾದ್ದರಿಂದ ಅದನ್ನು ಕೊಂಚ ಸಾವಕಾಶವಾಗಿ ವಿಚಾರಿಸಬೇಕು, ಏಕೆಂದರೆ ನಮ್ಮ ಊರಿನ ರಸ್ತೆಯೇ ಇದಕ್ಕೆ ಉತ್ತಮವಾದ ಪ್ರಯೋಗಶಾಲೆ. ವಿಜಯಪುರದಿಂದ ಅಥಣಿಯ ಕಡೆಗೆ ಪಡುವಣಾಭಿಮುಖವಾಗಿ ಹೊರಟ ಹಾದಿಯು ತೊರವಿಯನ್ನು ದಾಟಿ, ಸುಮಾರು ಇಪ್ಪತ್ತು ಕಿಲೋಮೀಟರಿನ ಮೇಲೆ ತಿಕೋಟಾವನ್ನು ಸೇರುತ್ತದೆ. ಅಕ್ಕಪಕ್ಕದಲ್ಲಿ ಗುಡ್ಡವಿಲ್ಲ, ಅಡವಿಯಿಲ್ಲ, ದ್ರಾಕ್ಷಿಯ ಪಡಗಳನ್ನು ಬಿಟ್ಟರೆ ಗಾಳಿಗೆ ಅಡ್ಡ ನಿಲ್ಲುವುದೇನೂ ಇಲ್ಲ. ಆಷಾಢದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯು ಊರಿಗೆ ಬರುವಾಗ ಎದುರಾಗಿಯೂ ನಗರಕ್ಕೆ ಹೋಗುವಾಗ ಬೆಂಬಲವಾಗಿಯೂ ಇರುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದು ಭೌತಶಾಸ್ತ್ರದ ನಿಯಮ. ಇಲ್ಲಿ ವೇಗವೆಂದರೆ ಗಾಡಿಗೂ ಗಾಳಿಗೂ ನಡುವಣ ವೇಗ. ಗಂಟೆಗೆ 60 ಕಿಲೋಮೀಟರಿನಂತೆ ಓಡುವ ಕಾರಿಗೆ 20 ಕಿಲೋಮೀಟರಿನ ಎದುರುಗಾಳಿ ಬೀಸಿದರೆ ಅದು 80ರ ಗಾಳಿಯನ್ನು ಸೀಳಬೇಕಾಗಿ ತಡೆಯು 1.78 ಪಟ್ಟಾಗುತ್ತದೆ, ಮರಳಿ ಹೋಗುವಾಗ 40ರ ಗಾಳಿಯನ್ನು ಮಾತ್ರ ಸೀಳಿ 0.44 ಪಟ್ಟಾಗುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಸರಿಹೋಯಿತೆಂದು ಮನಸ್ಸು ಹೇಳುತ್ತದಾದರೂ, ಎರಡರ ಸರಾಸರಿಯು 1.11 ಆಗುವುದರಿಂದ, ಗಾಳಿಗೆ ತೆರುವ ಶಕ್ತಿಯು ನಿಶ್ಶಬ್ದವಾಗಿ ನೂರಕ್ಕೆ ಹನ್ನೊಂದರಷ್ಟು ಹೆಚ್ಚಾಗಿಯೇ ಉಳಿಯುತ್ತದೆ. ಆಷಾಢದಲ್ಲಿ ಅವರೇಜ್ ಬಿದ್ದಿತೆಂದು ಮಿಸ್ತ್ರಿಯ ಬಳಿಗೆ ಓಡುವ ಮುನ್ನ ತಲೆಯೆತ್ತಿ ಬೇವಿನ ಮರದ ಕೊಂಬೆಗಳನ್ನೊಮ್ಮೆ ನೋಡಬೇಕು.

ಇದೇ ವರ್ಗನಿಯಮವು ವೇಗದ ಮಿತಿಯನ್ನೂ ಕಲಿಸುತ್ತದೆ. 80ರಲ್ಲಿ ಹೋಗುವವನು 100ಕ್ಕೆ ಏರಿದರೆ ಪ್ರತಿ ಕಿಲೋಮೀಟರಿಗೂ ಗಾಳಿಗೆ ತೆರಬೇಕಾದುದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ತಿಕೋಟಾದಿಂದ ನಗರದವರೆಗಿನ ಇಪ್ಪತ್ತು ಕಿಲೋಮೀಟರಿನಲ್ಲಿ ಅವನು ಇದರಿಂದ ಗಳಿಸುವ ಕಾಲವು ಮೂರು ನಿಮಿಷ ಮಾತ್ರ. ಕೇಂದ್ರ ಸರ್ಕಾರವು 1978ರಲ್ಲಿ ಸ್ಥಾಪಿಸಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು 45ರಿಂದ 55ರ ವೇಗವನ್ನು ಉಪದೇಶಿಸುತ್ತ ಬಂದಿರುವುದು ಇದೇ ಕಾರಣಕ್ಕಾಗಿ. ಅಮೆರಿಕದಲ್ಲಿ ಶೆಲ್ ಕಂಪನಿಯ ವಿಜ್ಞಾನಿಗಳು 1939ರಲ್ಲಿ ತಮ್ಮತಮ್ಮೊಳಗೆ ಪಂದ್ಯ ಕಟ್ಟಿ ಆರಂಭಿಸಿದ ಮಿತವ್ಯಯದ ಸ್ಪರ್ಧೆಯಲ್ಲಿ, 1973ರಲ್ಲಿ 1959ರ ಹಳೆಯ ಓಪೆಲ್ ಕಾರೊಂದು ಲೀಟರಿಗೆ ಸುಮಾರು 160 ಕಿಲೋಮೀಟರು ಓಡಿತು; ಅದರಲ್ಲಿ ರಹಸ್ಯವಾದ ಇಂಧನವೇನೂ ಇರಲಿಲ್ಲ, ಮೈಭಾರವನ್ನು ಇಳಿಸಿ, ಗಾಲಿಗಳನ್ನು ಗಟ್ಟಿಮಾಡಿ, ಮಂದವೇಗದಲ್ಲಿ ನಡೆಸಿದ್ದರು. 2005ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದವರ ಪುಟ್ಟ ಜಲಜನಕದ ವಾಹನವು, ಪೆಟ್ರೋಲಿನ ಲೆಕ್ಕಕ್ಕೆ ತಿರುಗಿಸಿದರೆ, ಲೀಟರಿಗೆ 5,385 ಕಿಲೋಮೀಟರಿನ ದಾಖಲೆಯನ್ನು ಸ್ಥಾಪಿಸಿತು. ಅದರಲ್ಲಿ ಮಲಗಿಕೊಂಡು ಹೋಗಬೇಕು, ಒಬ್ಬನೇ ಹೋಗಬೇಕು. ಸಂತೆಯ ಚೀಲಕ್ಕೂ ಸ್ಥಳವಿಲ್ಲ. ಆದರೂ ತಡೆಯನ್ನು ಕುಂದಿಸುವುದರಲ್ಲಿ ಎಷ್ಟು ಅಗಾಧವಾದ ನಿಧಿಯು ಅಡಗಿದೆಯೆಂಬುದಕ್ಕೆ ಅದು ಪ್ರತ್ಯಕ್ಷ ಪ್ರಮಾಣ.

ಇನ್ನು ಇಳಿಜಾರಿನ ವಿಚಾರ. ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯ ಕಡೆಯಿಂದ ರಾಜಧಾನಿಗೆ ನೆಲದೊಳಗಣ ಸುರಂಗದ ಮೂಲಕ ನೀರನ್ನು ತಂದ ಶಿಲ್ಪಿಗಳು, ಯಾವ ಯಂತ್ರದ ಸಹಾಯವೂ ಇಲ್ಲದೆ, ಭೂಮಿಯ ಇಳಿಜಾರನ್ನು ಮಾತ್ರ ಅನುಸರಿಸಿ ಅದನ್ನು ಹರಿಯಿಸಿದರು. ನಗರದೊಳಗೆ ಒತ್ತಡ ಮಿಕ್ಕಲ್ಲಿ ಗಂಜ್ ಎಂಬ ಗೋಪುರಗಳನ್ನು ಎತ್ತಿ ಆ ಒತ್ತಡವನ್ನು ಶಮನಗೊಳಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ವಿಜಯಪುರದ ಬೀದಿಗಳಲ್ಲಿ ನಿಂತಿವೆ. ಇಳಿಜಾರು ಬಿಟ್ಟಿಯಾಗಿ ಕೊಟ್ಟದ್ದನ್ನು ಚೆಲ್ಲದೆ ಕೈಯೊಡ್ಡಿ ಹಿಡಿಯುವ ಆ ಬುದ್ಧಿಯು ಕಾರು ನಡೆಸುವವನಿಗೂ ಬೇಕು. ಆದರೆ ನಮ್ಮ ಚಾಲಕರಲ್ಲಿ ಬಹುಮಂದಿ ಇಳಿಜಾರು ಬಂದೊಡನೆ ಗೇರನ್ನು ನ್ಯೂಟ್ರಲಿಗೆ ತಳ್ಳುತ್ತಾರೆ, ಕೆಲವರು ಎಂಜಿನ್ನನ್ನೇ ಬಂದ್ ಮಾಡುತ್ತಾರೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿಯೇ ಇದ್ದು ಆಕ್ಸಲರೇಟರಿನಿಂದ ಕಾಲು ತೆಗೆದರೆ ತೈಲದ ಧಾರೆಯು ಪೂರ್ಣವಾಗಿ ನಿಂತುಹೋಗಿ, ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಿಯಾದರೋ ಎಂಜಿನ್ನು ತಾನು ಆರಿಹೋಗದಿರಲೆಂದು ಪೆಟ್ರೋಲು ಕುಡಿಯುತ್ತಲೇ ಇರುತ್ತದೆ. ಕಾರ್ಬ್ಯುರೇಟರಿನ ಕಾಲದ ಅಭ್ಯಾಸವು ಇಂದಿನ ಗಾಡಿಗೆ ವ್ಯಯವಾಗಿ ಪರಿಣಮಿಸಿದೆ. ಎಂಜಿನ್ನನ್ನು ಬಂದ್ ಮಾಡುವುದಂತೂ ಪ್ರಾಣಾಂತಿಕ, ಏಕೆಂದರೆ ಬ್ರೇಕಿಗೂ ಸ್ಟೀರಿಂಗಿಗೂ ದೊರೆಯುವ ಸಹಾಯಬಲವು ಅದರೊಡನೆಯೇ ನಿಲ್ಲುತ್ತದೆ. ಚಲಿಸುವಾಗ ಬಂದ್ ಮಾಡುವವರೇ ನಿಂತಾಗ ಬಂದ್ ಮಾಡುವುದಿಲ್ಲವೆಂಬುದು ನನಗೆ ಸದಾ ಆಶ್ಚರ್ಯ: ಅಂಗಡಿಯ ಮುಂದೆ ಏಸಿ ಹಾಕಿಕೊಂಡು ಕಾಯುವ ಸಣ್ಣ ಕಾರು ಗಂಟೆಗೆ ಅರ್ಧ ಲೀಟರಿಗೂ ಹೆಚ್ಚನ್ನು ಸುಮ್ಮನೆ ಸುಡುತ್ತದೆ. ಇಳಿಜಾರಿನ ಶಕ್ತಿಯಲ್ಲಿ ಒಂದು ಪಾಲನ್ನು ಹಿಡಿದಿಡುವ ಕೀರ್ತಿಯು ವಿದ್ಯುತ್ ಕಾರಿಗೆ ಸಲ್ಲತಕ್ಕದ್ದು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಎಂಬ ಪುಟ್ಟ ವಾಹನವು, ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯಲ್ಲಿ ಒಂದಂಶವನ್ನು ಬ್ಯಾಟರಿಗೆ ಮರಳಿಸುವ ವಿದ್ಯೆಯನ್ನು ಆಗಲೇ ನಮ್ಮ ನಾಡಿನ ರಸ್ತೆಗಳ ಮೇಲೆ ತೋರಿಸಿಕೊಟ್ಟಿತು.

ತೈಲವನ್ನೇ ಬದಲಿಸುವ ಸಾಹಸಗಳೂ ನಮಗೆ ಹೊಸವಲ್ಲ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಶೇಂಗಾ ಬೆಳೆಯುವ ನಮ್ಮ ಜಿಲ್ಲೆಯ ಒಕ್ಕಲಿಗರಿಗೆ ಈ ಸಂಗತಿಯು ಪ್ರಿಯವಾಗಬೇಕು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಪಡಿತರಕ್ಕೆ ಒಳಗಾದಾಗ, ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು, ಅದರ ಅನಿಲದಿಂದ ಏದುತ್ತ ಸಾಗುತ್ತಿದ್ದ ಬಸ್ಸುಗಳನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ, ಗ್ರಾಮೀಣ ತಂತ್ರಜ್ಞಾನಕ್ಕೆ ಮೀಸಲಾದ ಅಸ್ತ್ರ ಕೇಂದ್ರವು ಆ ವಿದ್ಯೆಯನ್ನೇ ಸಂಸ್ಕರಿಸಿ, 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಸೌದೆಯ ಅನಿಲದಿಂದ ವಿದ್ಯುದ್ದೀಪವನ್ನಿತ್ತಿತು. ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆಯ ಎಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ನಡೆಸಬಹುದೆಂದು ಸಾಧಿಸಿ ತೋರಿಸಿದರು. ಹೊಲದ ಬದುವಿನಲ್ಲಿ ನೀರು ಬೇಡದೆ ಬೆಳೆಯುವ ಹೊಂಗೆಯು ಪಂಪುಸೆಟ್ಟಿಗೂ ಜನರೇಟರಿಗೂ ಹಿತವಾದ ಇಂಧನವೆಂದು ನಾನು ಈಗಲೂ ನಂಬಿದ್ದೇನೆ. ಕಾರಿಗೆ ಬಂದಿರುವುದಾದರೋ ಕಬ್ಬಿನಿಂದಲೂ ಧಾನ್ಯಗಳಿಂದಲೂ ತೆಗೆದ ಎಥನಾಲು: 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದ, ನೂರಕ್ಕೆ ಇಪ್ಪತ್ತು ಎಥನಾಲು ಬೆರೆತ ಪೆಟ್ರೋಲು ಇಂದು ಎಲ್ಲ ಪಂಪುಗಳಲ್ಲಿಯೂ ದೊರೆಯುತ್ತಿದೆ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ ಶಕ್ತಿಯಿರುವುದರಿಂದ, ಅದಕ್ಕಾಗಿ ರೂಪಿಸದ ಹಳೆಯ ಕಾರುಗಳಲ್ಲಿ ಅವರೇಜ್ ನೂರಕ್ಕೆ ಆರೇಳರಷ್ಟು ಕುಂದುವುದೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿದೆ. ಬಡಿತವನ್ನು ತಡೆಯುವ ಅದರ ಗುಣವನ್ನು ಬಳಸಿಕೊಂಡು ಎಂಜಿನ್ನಿನ ಒತ್ತಡದ ಪ್ರಮಾಣವನ್ನು ಏರಿಸಿದರೆ ಈ ನಷ್ಟದಲ್ಲಿ ಒಂದಂಶವನ್ನು ಮರಳಿ ಪಡೆಯಬಹುದು. ಅದು ತಯಾರಕರ ಹೊಣೆ. ಕೃಷ್ಣೆಯ ದಂಡೆಯ ಬಬಲೇಶ್ವರ ತಾಲೂಕಿನ ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲವಾಗುವುದಾದರೆ ನಾನು ಸಂತೋಷಪಡುತ್ತೇನೆ. ಆದರೆ ನೀರಿಗೆ ಬಾಯಾರಿದ ಜಿಲ್ಲೆಯಲ್ಲಿ ಕಾರಿನ ಹಸಿವಿಗಾಗಿ ಕಬ್ಬನ್ನು ವಿಸ್ತರಿಸುವುದು ನನಗೆ ಸಮ್ಮತವಲ್ಲ.

ಇಷ್ಟೆಲ್ಲವನ್ನೂ ಆಚರಣೆಗೆ ತಂದ ಚಾಲಕನು ತನ್ನ ತೈಲದ ವೆಚ್ಚದಲ್ಲಿ ನೂರಕ್ಕೆ ಹತ್ತನ್ನೋ, ಬಹಳ ಶ್ರದ್ಧಾವಂತನಾದರೆ ಇಪ್ಪತ್ತನ್ನೋ ಉಳಿಸಿಯಾನು. ಆದರೆ ನಾನು ಹೇಳಲು ಹೊರಟ ಮುಖ್ಯ ವಿಚಾರ ಇನ್ನೊಂದಿದೆ. ಒಂದು ಟನ್ನಿಗೆ ಸಮೀಪವಿರುವ ಕಾರಿನಲ್ಲಿ ಅರವತ್ತೈದು ಕಿಲೋ ತೂಕದ ಒಬ್ಬ ಮನುಷ್ಯ ಕುಳಿತು ಹೋಗುವಾಗ, ಗಾಲಿಯನ್ನು ಮುಟ್ಟಿದ ಆ ಐದನೆಯ ಒಂದು ಪಾಲು ಶಕ್ತಿಯಲ್ಲಿ ಹದಿನೈದಕ್ಕೊಂದು ಭಾಗವಷ್ಟೇ ಮನುಷ್ಯನನ್ನು ಸಾಗಿಸುತ್ತದೆ, ಉಳಿದುದೆಲ್ಲ ಕಬ್ಬಿಣವನ್ನು. ಅಂದರೆ ನಾವು ತೆತ್ತ ನೂರು ರೂಪಾಯಿಯ ಪೆಟ್ರೋಲಿನಲ್ಲಿ ನಮ್ಮ ದೇಹದ ಪ್ರಯಾಣಕ್ಕೆ ಸಲ್ಲುವುದು ಒಂದೂವರೆ ರೂಪಾಯಿಗೂ ಕಡಿಮೆ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ನಮ್ಮ ಪ್ರಶ್ನೆಯೇ ಅಪೂರ್ಣವಾದುದು; ಲೀಟರಿಗೆ ಎಷ್ಟು ಜನ ಎಷ್ಟು ಕಿಲೋಮೀಟರ್ ಎಂದು ಕೇಳಬೇಕು. ಲೀಟರಿಗೆ 16 ಕಿಲೋಮೀಟರು ಓಡುವ ಕಾರು ಒಬ್ಬನಿಗೆ 16ನ್ನೇ ಕೊಟ್ಟರೆ, ನಾಲ್ವರಿಗೆ 60ಕ್ಕೂ ಮೇಲ್ಪಟ್ಟು ಕೊಡುತ್ತದೆ. ಲೀಟರಿಗೆ 5 ಕಿಲೋಮೀಟರಿನಷ್ಟೇ ಓಡುವ, ಎಲ್ಲರೂ ಹಳೆಯದೆಂದು ಹಳಿಯುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಐವತ್ತು ಜನರನ್ನು ಕೂರಿಸಿಕೊಂಡಾಗ 250ನ್ನು ಕೊಡುತ್ತದೆ. ಜಗತ್ತಿನ ಯಾವ ಪ್ರಸಿದ್ಧ ಕಾರ್ಖಾನೆಯೂ ಇಂತಹ ಅವರೇಜ್ ಕೊಡುವ ಕಾರನ್ನು ನಮಗೆ ಮಾರುತ್ತಿಲ್ಲ.

ನಮ್ಮ ಭಾಗದ ಒಂದು ನಿತ್ಯದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಣದ್ರಾಕ್ಷಿಯ, ಅಂದರೆ ನಾವು ಹೇಳುವ ಮಣೂಕದ ಹಂಗಾಮಿನಲ್ಲಿ ತಿಕೋಟಾ ತಾಲೂಕಿನ ಬೆಳೆಗಾರರು ಮಾಲನ್ನು ಲಾರಿಗೆ ಏರಿಸಿ, ತಾಸಗಾಂವ ಸಾಂಗಲಿಗಳ ಸವಾಲಿನ, ಅಂದರೆ ಹರಾಜಿನ, ದಿನ ತಾವು ತಮ್ಮ ತಮ್ಮ ಕಾರುಗಳಲ್ಲಿ ಹಿಂದೆ ಹೋಗುವುದುಂಟು; ಒಂದೇ ಊರಿನ, ಒಂದೇ ಓಣಿಯ, ಬದುವಿಗೆ ಬದು ತಾಗಿದ ತೋಟಗಳ ನಾಲ್ವರು ನಾಲ್ಕು ಕಾರುಗಳಲ್ಲಿ ಹೋಗಿ, ಅಲ್ಲಿ ಒಂದೇ ಖಾನಾವಳಿಯಲ್ಲಿ ಕುಳಿತು ಊಟ ಮಾಡುತ್ತಾರೆ. ಹೋಗಿ ಬರುವ ದಾರಿಯು 200 ಕಿಲೋಮೀಟರಿಗೂ ಮೀರಿದುದು. ಒಂದೊಂದು ಕಾರಿಗೆ ಹನ್ನೆರಡೂವರೆ ಲೀಟರಿಗೆ ಕಡಿಮೆಯಿಲ್ಲದಂತೆ ನಾಲ್ಕಕ್ಕೆ ಐವತ್ತು ಲೀಟರು. ಒಂದೇ ಕಾರಿನಲ್ಲಿ ಹೋಗಿದ್ದರೆ ಉಳಿಯುತ್ತಿದ್ದುದು ಹೆಚ್ಚುಕಡಿಮೆ ಮೂವತ್ತೇಳು ಲೀಟರು, ಅಂದರೆ ನೂರಕ್ಕೆ ಎಪ್ಪತ್ತೈದು. ಜಾತ್ರೆಯಲ್ಲಿ ಅಯಸ್ಕಾಂತ ಮಾರಿದವನು ಕೂಡ ಇಷ್ಟನ್ನು ಹೇಳುವ ಧೈರ್ಯ ಮಾಡಿರಲಿಲ್ಲ. ಒಬ್ಬರ ಸವಾಲು ಬೇಗ ಮುಗಿದೀತು, ಇನ್ನೊಬ್ಬರದು ತಡವಾದೀತು, ದರದ ಗುಟ್ಟು ಬಯಲಾದೀತು ಎಂಬ ಸಂಕೋಚಗಳು ನನಗೆ ತಿಳಿಯದವಲ್ಲ. ಆದರೆ ಸುಗ್ಗಿಯಲ್ಲಿ ಮುಯ್ಯಾಳು ಹೋಗಿ ಒಬ್ಬರ ಹೊಲವನ್ನೊಬ್ಬರು ಕೊಯ್ದುಕೊಟ್ಟ ಜನ ನಾವು. ಖಾಸಗಿ ಕಾರಿನಲ್ಲಿ ಬಾಡಿಗೆಗೆ ಜನರನ್ನು ಹೇರುವುದು ಕಾನೂನಿಗೆ ವಿರುದ್ಧ. ಸರದಿಯಂತೆ ಈ ಸಲ ನಿಮ್ಮ ಗಾಡಿ, ಬರುವ ಸಲ ನನ್ನದು ಎಂದು ನಡೆಸಿದರೆ ಯಾವ ಬಾಧೆಯೂ ಇಲ್ಲ.

ಸಾರಿಗೆಯ ಅಧಿಕಾರಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ಬೆಳಗಿನ ಒಂಬತ್ತರ ಸುಮಾರಿಗೆ ತಿಕೋಟಾದಿಂದ ವಿಜಯಪುರಕ್ಕೆ ಹೊರಡುವ ಶಿಕ್ಷಕರು, ಗುಮಾಸ್ತರು, ಕಾಲೇಜಿನ ಮಕ್ಕಳು, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಹೋಗುವ ಹೆಣ್ಣುಮಕ್ಕಳು, ಇವರೆಲ್ಲರಿಗೂ ಹೊತ್ತಿಗೆ ಸರಿಯಾಗಿ ಬರುವ, ಕಾಲೂರಲು ಜಾಗವಿರುವ ಬಸ್ಸುಗಳನ್ನು ಇನ್ನಷ್ಟು ಬಿಡಬೇಕು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣವನ್ನಿತ್ತ ಶಕ್ತಿ ಯೋಜನೆ ಬಂದಂದಿನಿಂದ ಬಸ್ಸುಗಳು ತುಂಬಿ ತುಳುಕುತ್ತಿರುವುದನ್ನು ಕೆಲವರು ದೋಷವೆಂದು ಎಣಿಸುತ್ತಾರೆ. ತೈಲದ ಲೆಕ್ಕದಲ್ಲಿ ಅದೊಂದು ಸಂಪತ್ತು. ಬಸ್ಸು ಬರುವುದೆಂಬ ಭರವಸೆಯಿದ್ದರೆ ಎಷ್ಟೋ ಕಾರುಗಳು ಬೇವಿನ ನೆರಳಿನಲ್ಲಿಯೇ ವಿಶ್ರಮಿಸುವುವು.

ಓದುಗ ಮಹಾಶಯರಲ್ಲಿ, ವಿಶೇಷವಾಗಿ ನನ್ನ ತಾಲೂಕಿನ ದ್ರಾಕ್ಷಿ ಬೆಳೆಗಾರ ಬಂಧುಗಳಲ್ಲಿ ಕೇಳಿಕೊಳ್ಳುವುದಿಷ್ಟೇ. ಗಾಡಿಯಲ್ಲಿ ಒಂದು ಪುಸ್ತಕವನ್ನಿಡಿರಿ, ಟಾಕಿ ತುಂಬಿಸಿದಾಗಲೆಲ್ಲ ದೂರವನ್ನೂ ಲೀಟರನ್ನೂ ಬರೆಯಿರಿ, ಅದರ ಪಕ್ಕದಲ್ಲಿ ಎಷ್ಟು ಜನ ಕುಳಿತಿದ್ದೆವೆಂಬುದಕ್ಕೆ ಮೂರನೆಯ ಕಲಮನ್ನು ಹಾಕಿರಿ. ಹದಿನೈದು ದಿನಕ್ಕೊಮ್ಮೆ ಹವಾ ನೋಡಿಸಿರಿ. ಬರುವ ಮಣೂಕದ ಹಂಗಾಮಿನಲ್ಲಿ ಸವಾಲಿಗೆ ಹೊರಡುವ ಹಿಂದಿನ ಸಂಜೆ, ಪಕ್ಕದ ತೋಟದವರಿಗೆ ಒಂದು ಫೋನು ಮಾಡಿ, ನಾಳೆ ನೀವು ಯಾವಾಗ ಹೊರಡುವಿರೆಂದು ವಿಚಾರಿಸಿರಿ.